ಹೋರಿ, ಪೈಲ್ವಾನ, ಸೂಜಿ

ಅಥಣಿ, ಕಾಗವಾಡ ಕಡೆಯ ರೈತನಿಗೆ ಈ ಪಾಠ ಹೊಸದಲ್ಲ. ಕಿಲಾರಿ ಹೋರಿ ಬಲಿತರೆ ಹಗ್ಗಕ್ಕೆ ಬಗ್ಗುವುದಿಲ್ಲ, ಆಕಳು ಕಂಡರೆ ನಿಲ್ಲುವುದಿಲ್ಲ. ಬೀಜ ಒಡೆಸಿದರೆ ಅದೇ ಹೋರಿ ಸಿಟ್ಟು ಬಿಟ್ಟು ನೊಗಕ್ಕೆ ಹೆಗಲು ಕೊಡುತ್ತದೆ. ಬೀಜದಲ್ಲಿ ಏನೋ ಇದೆ ಅಂತ ಎಲ್ಲರಿಗೂ ಗೊತ್ತಿತ್ತು. ಏನಿದೆ ಅಂತ ಗೊತ್ತಾಗಲು 1935 ಬರಬೇಕಾಯಿತು.

ಮೊದಲ ಸುಳಿವು ಕೊಟ್ಟದ್ದು ಕೋಳಿಹುಂಜ. 1849ರಲ್ಲಿ ಜರ್ಮನಿಯ ಬೆರ್ತೋಲ್ಡ್ ಎಳೆಯ ಹುಂಜಗಳ ಬೀಜ ತೆಗೆದು, ಕೆಲವಕ್ಕೆ ಅದನ್ನೇ ಹೊಟ್ಟೆಯೊಳಗೆ ಇಟ್ಟರು. ಅವುಗಳ ಜುಟ್ಟು ಕೆಂಪೇರಿತು, ಕೂಗಿದವು, ಕಾದಾಡಿದವು. ನರದ ಸಂಪರ್ಕ ಕಡಿದಿತ್ತು. ಅಂದಮೇಲೆ ಬೀಜದ ಪ್ರಭಾವ ಬಂದದ್ದು ರಕ್ತದ ದಾರಿಯಲ್ಲೇ.

ಮುಂದೆ ನಡೆದದ್ದು ಸ್ವಲ್ಪ ತಮಾಷೆ. 1889ರಲ್ಲಿ ಪ್ಯಾರಿಸ್ಸಿನ ಬ್ರೌನ್ ಸೆಕ್ವಾರ್, ವಯಸ್ಸು 72, ನಾಯಿ ಮತ್ತು ಗಿನಿಯಿಲಿಯ ಬೀಜದ ರಸ ಚುಚ್ಚಿಕೊಂಡು ಪ್ರಾಯ ಮರಳಿತು ಎಂದರು. ಬೀಜದಿಂದ ರಕ್ತಕ್ಕೆ ಸೇರುವ ಆ ಹಾರ್ಮೋನು ನೀರಿನಲ್ಲಿ ಹೆಚ್ಚು ಕರಗದು, ಬೀಜ ಅದನ್ನು ಕೂಡಿಡುವುದೂ ಇಲ್ಲ. ಮರಳಿದ್ದು ನಂಬಿಕೆ ಅಷ್ಟೇ. ನಮ್ಮ ಸುಶ್ರುತ ಸಂಹಿತೆಯೂ ಆಡಿನ ಬೀಜ, ಹಾಲು, ತುಪ್ಪದ ಮಾತಾಡುತ್ತದೆ. ಆದರೆ ನುಂಗಿದ ಹಾರ್ಮೋನಿನ ಬಹುಪಾಲನ್ನು ಯಕೃತ್ತು ದಾರಿಯಲ್ಲೇ ಮುಗಿಸಿಬಿಡುತ್ತದೆ.

1931ರಲ್ಲಿ ರಸಾಯನವಿಜ್ಞಾನಿ ಬುಟೆನಾಂಟ್ ಸುಮಾರು 15,000 ಲೀಟರ್ ಮೂತ್ರದಿಂದ ಆಂಡ್ರೋಸ್ಟೆರೋನ್ ಎಂಬ ಗಂಡು ಹಾರ್ಮೋನನ್ನು 15 ಮಿಲಿಗ್ರಾಂ ತೆಗೆದರು. ಮೂತ್ರ ಯಾರದ್ದು? ಪೊಲೀಸರದ್ದು! 1935ರಲ್ಲಿ ಆಮ್‌ಸ್ಟರ್‌ಡ್ಯಾಮಿನ ಲಾಕರ್ ತಂಡ ಹೋರಿಯ ಬೀಜದಿಂದಲೇ ಆ ಹಾರ್ಮೋನನ್ನು, ಅಂದರೆ ಟೆಸ್ಟೋಸ್ಟೆರೋನನ್ನು, ಬೇರ್ಪಡಿಸಿತು. ಅದೇ ವರ್ಷ ಬುಟೆನಾಂಟ್, ರುಜಿಕಾ ಅದನ್ನು ಕೊಲೆಸ್ಟರಾಲಿನಿಂದ ತಯಾರಿಸಿದರು. 1939ರಲ್ಲಿ ಇಬ್ಬರಿಗೂ ನೊಬೆಲ್.

ಈಗ ತಾಲೀಮಿಗೆ ಬರೋಣ. ನಿಪ್ಪಾಣಿಯಿಂದ ಕೊಲ್ಹಾಪುರ ದೂರವೇನಲ್ಲ; ಶಾಹು ಮಹಾರಾಜರ ಖಾಸಬಾಗ್ ಕುಸ್ತಿ ಮೈದಾನ 1912ರಿಂದ ಅಲ್ಲಿದೆ. ದಂಡ, ಬೈಠಕ್, ಹಾಲು, ಬಾದಾಮಿ, ಬೇಗ ಮಲಗುವುದು, ಬ್ರಹ್ಮಚರ್ಯ: ಇದು ಉಸ್ತಾದರ ಕಟ್ಟುಪಾಡು. ವೀರ್ಯ ಉಳಿಸಿದರೆ ಬಲ ಕೂಡುತ್ತದೆ ಎಂಬುದು ನಿಜವಲ್ಲ; ಹಾರ್ಮೋನು ಮಾಡುವ ಜೀವಕೋಶ ಬೇರೆ, ವೀರ್ಯಾಣು ಬೆಳೆಸುವ ಜೀವಕೋಶ ಬೇರೆ. ನಿದ್ದೆಯ ಮಾತು ಮಾತ್ರ ನೂರಕ್ಕೆ ನೂರು ಸರಿ. ಟೆಸ್ಟೋಸ್ಟೆರೋನ್ ಏರುವುದು ನಿದ್ದೆಯಲ್ಲೇ, ಬೆಳಿಗ್ಗೆ ಅದರ ಮಟ್ಟ ಹೆಚ್ಚು.

ಇಂದು ಕೆಲವು ಹುಡುಗರು ಮಣ್ಣು ಬಿಟ್ಟು ಟೆಸ್ಟೋಸ್ಟೆರೋನ್ ಸೂಜಿ ಹಿಡಿದಿದ್ದಾರೆ. ಒಳಗೆ ಆಗುವುದೇನು? ಕಬ್ಬಿನ ಸೀಮೆಯವರಿಗೆ ಹೇಳುವುದು ಸುಲಭ. ಕಾರ್ಖಾನೆಯ ಅಂಗಳ ಹೊರಗಿನ ಕಬ್ಬಿನಿಂದ ತುಂಬಿದರೆ ಆಫೀಸು ಊರಿನ ರೈತನಿಗೆ ಕಟಾವಿನ ಪರ್ಮಿಟ್ ಕೊಡುವುದಿಲ್ಲ. ಮೆದುಳಿನ ಬುಡದ ಪಿಟ್ಯೂಟರಿ ಆ ಆಫೀಸು. ರಕ್ತದಲ್ಲಿ ಹಾರ್ಮೋನು ಸಾಕಷ್ಟಿದೆ ಎಂದು ಕಂಡರೆ ಎಲ್‌ಎಚ್, ಎಫ್‌ಎಸ್‌ಎಚ್ ಎಂಬ ಎರಡು ಆಜ್ಞೆ ನಿಲ್ಲಿಸುತ್ತದೆ. ಬೀಜ ಕುಗ್ಗುತ್ತದೆ. ವೀರ್ಯಾಣು ಬೆಳೆಯಲು ಬೀಜದ ಒಳಗೆ ರಕ್ತಕ್ಕಿಂತ ಹತ್ತಾರು ಪಟ್ಟು ಹೆಚ್ಚು ಟೆಸ್ಟೋಸ್ಟೆರೋನ್ ಬೇಕು. ತೋಳಿಗೆ ಚುಚ್ಚಿದ್ದು ಅಷ್ಟನ್ನು ಅಲ್ಲಿಗೆ ಮುಟ್ಟಿಸದು.

ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ ಟೆಸ್ಟೋಸ್ಟೆರೋನ್ ಸೂಜಿಯನ್ನು ಗಂಡಸರ ಗರ್ಭನಿರೋಧಕವಾಗಿ ಪರೀಕ್ಷಿಸಿತು! 1990ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ 271 ಗಂಡಸರಿಗೆ ವಾರಕ್ಕೆ 200 ಮಿಲಿಗ್ರಾಂ ಕೊಟ್ಟರು. 157 ಮಂದಿಯಲ್ಲಿ ವೀರ್ಯಾಣು ಪೂರ್ತಿ ಇಲ್ಲವಾಯಿತು. ಗಂಡಸುತನದ ಮದ್ದೆಂದು ಚುಚ್ಚಿಕೊಂಡವನು ಮದುವೆಯಾದ ಮೇಲೆ ಮಕ್ಕಳಿಗಾಗಿ ಆಸ್ಪತ್ರೆ ಅಲೆಯುವುದು ಹೀಗೆ.

ಹಾಗಂತ ಮದ್ದೇ ಕೆಟ್ಟದ್ದಲ್ಲ. ಬೀಜಕ್ಕೋ ಪಿಟ್ಯೂಟರಿಗೋ ನಿಜವಾಗಿ ಪೆಟ್ಟಾದವರಿಗೆ ಇದು ಬದುಕು ಮರಳಿಸುತ್ತದೆ. ಅವರಿಗೂ ವೈದ್ಯರು ಒಂದೇ ಚೀಟಿ ನೋಡಿ ಬರೆಯುವುದಿಲ್ಲ. ಬೇರೆ ಬೇರೆ ದಿನ, ಎರಡು ಬೆಳಿಗ್ಗೆ ರಕ್ತ ತೆಗೆಸುತ್ತಾರೆ, ಮಕ್ಕಳು ಬೇಕೇ ಎಂದು ಕೇಳುತ್ತಾರೆ. ಬೇಕೆಂದರೆ ದಾರಿ ಬೇರೆ: ಬೀಜವನ್ನೇ ಎಬ್ಬಿಸುವ ಎಚ್‌ಸಿಜಿಯಂಥ ಮದ್ದು.

ಸೂಜಿ ಬಿಟ್ಟರೆ ಬಹುತೇಕರಲ್ಲಿ ಪರ್ಮಿಟ್ ಮತ್ತೆ ಶುರುವಾಗುತ್ತದೆ, ಆದರೆ ನಾಳೆಯಿಂದಲ್ಲ. ತಿಂಗಳುಗಟ್ಟಲೆ ಕಾಯಬೇಕು, ಕೆಲವರಿಗೆ ವರ್ಷವೂ ದಾಟುತ್ತದೆ.