ಏರುದಾರಿ, ಬಿಸಿಲು ಮತ್ತು ಸೈಕಲ್ ಸವಾರ



ಇಬ್ರಾದಂಥ ಸಣ್ಣ ಊರಿನಿಂದ ನಮ್ಮನ್ನು ಕರೆಸಿ, ಇಂದು ರೋಗಗಳ ಮಾತು ಬೇಡ, ಸೈಕಲ್ಲಿನ ವಿಷಯವಾಗಿ ಮಾತನಾಡಿರೆಂದು ಕೇಳಿದ್ದೀರಿ. ತಮ್ಮ ಪ್ರೀತಿಗೆ ಋಣಿಗಳು. ಆದರೆ ಐವತ್ತು ದಾಟಿದ ವೈದ್ಯನಿಗೆ ಇವೆರಡನ್ನೂ ಬೇರ್ಪಡಿಸುವುದು ಕಷ್ಟ.

2008ರಲ್ಲಿ ಬೆಂಗಳೂರಿನ ಹವ್ಯಾಸಿ ಸವಾರರು ಆರಂಭಿಸಿದ ‘ಟೂರ್ ಆಫ್ ನೀಲಗಿರೀಸ್’ ಎಂಬ ದೀರ್ಘ ಸವಾರಿಯ ಹೆಸರನ್ನು ತಮ್ಮಲ್ಲಿ ಹಲವರು ಕೇಳಿರಬಹುದು. ಸುಮಾರು ಒಂದು ವಾರ ಘಟ್ಟದ ದಾರಿಗಳಲ್ಲಿ ತುಳಿಯುತ್ತ ಸಾಗುವ ಪ್ರವಾಸವದು. ಕೆಲವು ವರ್ಷಗಳ ಹಿಂದೆ ಒಂದು ಡಿಸೆಂಬರಿನಲ್ಲಿ ನಾವೂ ಪಾಲ್ಗೊಂಡೆವು. ಮಸಿನಗುಡಿಯಿಂದ ಉದಕಮಂಡಲಕ್ಕೆ ಏರುವ ಕಲ್ಹಟ್ಟಿ ಘಾಟಿಯೇ ಅದರ ನಿಜವಾದ ಪರೀಕ್ಷೆ. ಮೂವತ್ತಾರು ತಿರುವುಗಳು, ಪ್ರತಿಯೊಂದಕ್ಕೂ ಸಂಖ್ಯೆಯ ಫಲಕ. (ಹಟ್ಟಿಯೆಂಬ ಶಬ್ದ ಕಂಡೊಡನೆ ಕನ್ನಡಿಗನಿಗೆ ನೆಂಟರ ಮನೆಗೆ ಬಂದಂತೆ. ನೀಲಗಿರಿಯ ಬಡಗರ ನುಡಿ ನಮ್ಮ ನುಡಿಗೆ ಅಷ್ಟು ಹತ್ತಿರದ್ದು.)

ಏರುದಾರಿಯಲ್ಲಿ ದೇಹಕ್ಕೆ ಆಗುವುದೇನು? ಒಂದು ಸರಳ ಲೆಕ್ಕ ಮಾಡೋಣ. 65 ಕಿಲೋ ತೂಕದ ಸವಾರ 10 ಕಿಲೋ ಸೈಕಲ್ಲಿನೊಡನೆ 1,200 ಮೀಟರ್ ಮೇಲೇರಿದರೆ, ಭೂಮಿಯ ಸೆಳೆತದ ವಿರುದ್ಧ ಮಾಡುವ ಕೆಲಸ ಸುಮಾರು 210 ಕಿಲೋಕ್ಯಾಲರಿ. ಸ್ನಾಯುಗಳು ವ್ಯಯಿಸುವ ಶಕ್ತಿಯಲ್ಲಿ ಹೆಚ್ಚೆಂದರೆ ಕಾಲುಭಾಗ ಮಾತ್ರ ಕೆಲಸವಾಗುತ್ತದೆ. ಉಳಿದ 630 ಕಿಲೋಕ್ಯಾಲರಿ ಬರಿಯ ಶಾಖ. ಒಂದು ಲೀಟರ್ ಬೆವರು ಪೂರ್ತಿಯಾಗಿ ಆವಿಯಾದರೆ ಹೊರಹೋಗುವುದು ಸುಮಾರು 580. ಸಮತಟ್ಟಿನಲ್ಲಿ ಗಂಟೆಗೆ 30 ಕಿಲೋಮೀಟರ್ ಹೋಗುವವನಿಗೆ ಅವನ ವೇಗವೇ ಬೀಸಣಿಗೆ. ಏರಿನಲ್ಲಿ ವೇಗ ಎಂಟಕ್ಕಿಳಿಯುತ್ತದೆ. ಶಾಖ ಅತ್ಯಧಿಕವಾಗಿರುವಾಗಲೇ ಗಾಳಿ ಕೈಬಿಡುತ್ತದೆ. ನೀಲಗಿರಿಯ ಚಳಿ ಇದನ್ನು ಮನ್ನಿಸುತ್ತದೆ, ಒಮಾನಿನ ಬಿಸಿಲು ಮನ್ನಿಸದು. ವೃತ್ತಿಪರರೂ ಇದಕ್ಕೆ ಹೊರತಲ್ಲ. 2015ರ ಫೆಬ್ರವರಿಯಲ್ಲಿ ‘ಟೂರ್ ಆಫ್ ಒಮಾನ್’ ಸ್ಪರ್ಧೆಯ ಒಂದು ದಿನದ ಓಟವನ್ನು ಮರಳಗಾಳಿ ಮತ್ತು ಬಿಸಿಲಿನ ಕಾರಣದಿಂದ ರದ್ದುಪಡಿಸಬೇಕಾಯಿತು.

ನೀಲಗಿರಿಗಾಗಿ ನಾವು ನಾಲ್ವರು ಕನ್ನಡಿಗರು ಅಭ್ಯಾಸ ನಡೆಸಿದ್ದು ಇಬ್ರಾದ ಸುತ್ತಲಿನ ಬೋಳುಗುಡ್ಡಗಳ ದಾರಿಯಲ್ಲಿ, ಶುಕ್ರವಾರದ ನಸುಕಿನಲ್ಲಿ. ಸೆಪ್ಟೆಂಬರಿನ ಒಂದು ಬೆಳಿಗ್ಗೆ ಮರಳುವಾಗ ಹೊತ್ತೇರಿತು. ನಮ್ಮೊಡನಿದ್ದ ಇಂಜಿನಿಯರ್ ಮಿತ್ರರು ಏರಿನ ಮಧ್ಯೆ, “ಶಿವಮೊಗ್ಗ ಇನ್ನೆಷ್ಟು ದೂರ?” ಎಂದು ಕೇಳಿದರು. ಉಳಿದಿಬ್ಬರು ಹಾಸ್ಯವೆಂದು ನಕ್ಕರು. ನಮಗೆ ನಗು ಬರಲಿಲ್ಲ. ಮೈ ಬೆವರಿನಿಂದ ತೊಯ್ದಿತ್ತು, ಮುಟ್ಟಿದರೆ ಕೆಂಡ. ಬೆವರು ನಿಂತಮೇಲೆಯೇ ಬಿಸಿಲಾಘಾತವೆಂಬ ನಂಬಿಕೆ ಬಲವಾಗಿದೆ. ದುಡಿಮೆಯಿಂದ ಬರುವ ಆಘಾತದಲ್ಲಿ ಬೆವರು ಹರಿಯುತ್ತಿರುವಾಗಲೇ ಬುದ್ಧಿ ಕದಡುತ್ತದೆ. ಅದೇ ಮುಖ್ಯ ಲಕ್ಷಣ.

ದಾರಿಬದಿಯಲ್ಲಿ ಒಂದು ಗಾಫ್ ಮರವಿತ್ತು. ಅರಬರ ಗಾಫ್ ಬೇರಾವುದೂ ಅಲ್ಲ, ವಿಜಯದಶಮಿಯಂದು ನಾವು ಪೂಜಿಸುವ ಬನ್ನಿಯೇ. ಅದರ ನೆರಳಿನಲ್ಲಿ ಮಲಗಿಸಿ, ಇದ್ದ ನೀರನ್ನೆಲ್ಲ ಮೈಮೇಲೆ ಸುರಿದು, ಅಂಗಿ ಬಿಚ್ಚಿ ಬೀಸಿದೆವು. ದಾರಿಹೋಕ ಒಮಾನಿಯೊಬ್ಬರು ತಮ್ಮ ಪಿಕ್‌ಅಪ್ಪಿನಲ್ಲಿದ್ದ ಮೀನಿನ ಮಂಜುಗಡ್ಡೆಯನ್ನು ತಂದು ಸುರಿದರು. ಮೊದಲು ತಂಪು, ಆಮೇಲೆ ಸಾಗಾಣಿಕೆ: ಈ ಕ್ರಮವನ್ನು ತಿರುವುಮುರುವು ಮಾಡಿದರೆ ದಾರಿಯಲ್ಲೇ ಮಿದುಳು, ಮೂತ್ರಪಿಂಡಗಳು ಬೇಯುತ್ತವೆ. ಆಸ್ಪತ್ರೆ ತಲುಪಿದಾಗಲೂ ಮೈಶಾಖ 39 ಡಿಗ್ರಿಯಿತ್ತು. ಮೂರನೆಯ ದಿನ ಮನೆಗೆ ಮರಳಿದರು.

ಹಾಗಾದರೆ ನೀರನ್ನು ಎಷ್ಟು ಕುಡಿಯಬೇಕು? ಬಹಳ ಕುಡಿದಷ್ಟೂ ಒಳ್ಳೆಯದೆಂಬುದೂ ಅಪಾಯದ ಮಾತೇ. 2002ರ ಬಾಸ್ಟನ್ ಮ್ಯಾರಥಾನಿನಲ್ಲಿ 488 ಓಟಗಾರರ ರಕ್ತವನ್ನು ಪರೀಕ್ಷಿಸಿದಾಗ ಶೇಕಡಾ 13 ಮಂದಿಯಲ್ಲಿ ಸೋಡಿಯಂ ಕುಸಿದಿತ್ತು. ಓಡುವಾಗ ತೂಕ ಹೆಚ್ಚಿಸಿಕೊಂಡವರಲ್ಲಿ ಅದು ಅಧಿಕ. ಸವಾರಿಗೆ ಮುನ್ನ ಮತ್ತು ನಂತರ ತೂಗಿ ನೋಡಿ. ತೂಕ ತುಸು ಇಳಿದಿರಲಿ, ಏರಿರಬಾರದು. ಉಪ್ಪು ಹಾಕಿದ ನೀರುಮಜ್ಜಿಗೆ ನಮಗಂತೂ ಹೊಂದಿತು.

“ಈ ವಯಸ್ಸಿನಲ್ಲಿ ಇದೆಲ್ಲ ಬೇಕೆ?” ಎಂದು ಆ ಮಿತ್ರರ ಪತ್ನಿ ಕೇಳಿದರು. ನ್ಯಾಯವಾದ ಪ್ರಶ್ನೆ. 52 ದೇಶಗಳಲ್ಲಿ ನಡೆದ ‘ಇಂಟರ್‌ಹಾರ್ಟ್’ ಅಧ್ಯಯನದ ಪ್ರಕಾರ ದಕ್ಷಿಣ ಏಷ್ಯಾದವರಿಗೆ ಮೊದಲ ಹೃದಯಾಘಾತವಾಗುವ ಸರಾಸರಿ ವಯಸ್ಸು 53. ಉಳಿದವರಿಗೆ ಸುಮಾರು 59. ಕುಳಿತೇ ಇರುವುದು ನಮಗೆ ಸುರಕ್ಷಿತವಲ್ಲ. ಆದರೆ ಹತ್ತು ವರ್ಷ ಕುಳಿತಿದ್ದು ಹನ್ನೊಂದನೆಯ ವರ್ಷ ಘಾಟಿ ಹತ್ತುವುದೂ ಸುರಕ್ಷಿತವಲ್ಲ. ರಕ್ತದೊತ್ತಡ, ಸಕ್ಕರೆ, ಕೊಬ್ಬುಗಳ ಪರೀಕ್ಷೆ ಮಾಡಿಸಿ, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಹೊರಡಬೇಕು. ಏರಿನಲ್ಲಿ ಎದೆ ಹಿಂಡಿ, ನಿಂತೊಡನೆ ಸಡಿಲವಾದರೆ ಅದನ್ನು ಗ್ಯಾಸೆಂದು ತಳ್ಳಿಹಾಕಕೂಡದು. ಮುಂದಿರುವವನ ಚಕ್ರವನ್ನು ನೋಡಿ ತುಳಿಯಲೂ ಕೂಡದು. ಪಕ್ಕದವನೊಡನೆ ಪೂರ್ತಿ ವಾಕ್ಯ ಮಾತನಾಡಲಾಗದಿದ್ದರೆ ವೇಗ ಮಿತಿಮೀರಿತೆಂದೇ ಅರ್ಥ.

ಆ ವರ್ಷ ನಮ್ಮ ಮಿತ್ರರು ನೀಲಗಿರಿಗೆ ಬರಲಿಲ್ಲ. ಮರುವರ್ಷ ಬಂದರು. ಮೂವತ್ತಾರು ತಿರುವುಗಳಲ್ಲಿ ಒಂಬತ್ತು ಕಡೆ ಇಳಿದು ನಿಂತು, ನಾಡಿ ನೋಡಿಕೊಂಡು, ಎಲ್ಲರಿಗಿಂತ ಕೊನೆಯಲ್ಲಿ ಉದಕಮಂಡಲ ತಲುಪಿದರು. ಆ ರಾತ್ರಿ ಅವರ ಪತ್ನಿಗೆ ದೂರವಾಣಿ ಮಾಡಿದವರು ನಾವೇ.