ಚರಿತ್ರೆಯ ಅನ್ಯಾಯಗಳೂ ಮನುಷ್ಯನ ಹಕ್ಕೂ



ಶ್ರೀರಂಗಪಟ್ಟಣ, ಪಾಂಡವಪುರ, ನಾಗಮಂಗಲ, ಮತ್ತು ಹಿಂದೆ ಅತ್ತಿಕುಪ್ಪೆಯೆನಿಸಿಕೊಂಡಿದ್ದ ಕೃಷ್ಣರಾಜಪೇಟೆ—ಈ ನಾಲ್ಕು ತಾಲ್ಲೂಕುಗಳ ಹೆಸರನ್ನು ಕೇಳಿದೊಡನೆ ನಮಗೆ ನೆನಪಾಗುವುದು ಕಾವೇರಿಯ ಕಾಲುವೆಗಳು, ಕಬ್ಬಿನ ಗದ್ದೆಗಳು, ಹೊಯ್ಸಳರ ಗುಡಿಗಳು. ಆದರೆ ಹದಿನೆಂಟನೆಯ ಶತಮಾನದ ಕೊನೆಯ ಮೂವತ್ತು ವರ್ಷಗಳಲ್ಲಿ ಈ ಸೀಮೆ ದಂಡುಗಳು ತುಳಿದ ದಾರಿಯಾಗಿತ್ತು. ಇಲ್ಲಿಯ ದ್ವೀಪನಗರ ಸಹಸ್ರಾರು ಜನರಿಗೆ ಸೆರೆಮನೆಯಾಗಿತ್ತು. ಆ ಕಾಲದ ಅನ್ಯಾಯಗಳಿಂದ ನಾವು ಕಲಿಯತಕ್ಕದ್ದೇನು ಎಂಬುದು ಇಂದಿನ ಭಾಷಣದ ವಿಷಯ.

ಕಷ್ಟವುಂಡವನು ಪರರ ಕಷ್ಟವನ್ನು ಬಲ್ಲನೆಂದು ಲೋಕದಲ್ಲಿ ಒಂದು ನಂಬಿಕೆಯುಂಟು. ಈ ನಂಬಿಕೆ ಎಷ್ಟರಮಟ್ಟಿಗೆ ನಿಜವೆಂಬುದನ್ನು ಶ್ರೀರಂಗಪಟ್ಟಣದ ಕಥೆಯಿಂದಲೇ ಪರೀಕ್ಷಿಸೋಣ.

ಮೊದಲು ನಡೆದ ಸಂಗತಿಗಳನ್ನು ಹೇಳಿಬಿಡುತ್ತೇವೆ. 1779ರಲ್ಲಿ ಹೈದರಾಲಿಯು ಚಿತ್ರದುರ್ಗವನ್ನು ಗೆದ್ದಾಗ, ಅಲ್ಲಿಯ ಬೇಡರನ್ನು ಗುಂಪು ಗುಂಪಾಗಿ ಹಿಡಿದು ಶ್ರೀರಂಗಪಟ್ಟಣಕ್ಕೆ ಸಾಗಿಸಲಾಯಿತು. ಅವರ ಮಕ್ಕಳನ್ನು ಮತಾಂತರಿಸಿ ‘ಚೇಲಾ’ ಎಂಬ ಪಡೆಗಳಿಗೆ ಸೇರಿಸಿದರು. 1784ರಲ್ಲಿ ಟೀಪು ಸುಲ್ತಾನನ ಆಜ್ಞೆಯ ಮೇರೆಗೆ ಮಂಗಳೂರು ಸೀಮೆಯ ಕ್ರೈಸ್ತರನ್ನು ಮನೆಮಠಗಳಿಂದ ಎಬ್ಬಿಸಿ, ಘಟ್ಟವನ್ನು ಹತ್ತಿಸಿ ಇಲ್ಲಿಗೆ ನಡೆಸಿಕೊಂಡು ಬಂದರು. ಇಂಗ್ಲಿಷರಿಗೆ ಅವರು ಸಹಾಯ ಮಾಡಿದರೆಂಬುದು ಸುಲ್ತಾನನ ಸಂಶಯ. ಆ ಸಂಶಯಕ್ಕೆ ದಂಡ ತೆತ್ತವರಲ್ಲಿ ಮುದುಕರಿದ್ದರು, ಬಸುರಿಯರಿದ್ದರು, ಎದೆಹಾಲು ಬಿಡದ ಕೂಸುಗಳಿದ್ದವು. ಇಗರ್ಜಿಗಳನ್ನು ಕೆಡವಿದರು, ಭೂಮಿಕಾಣಿಗಳು ಕೈಬಿಟ್ಟುಹೋದವು. ಹೀಗೆ ಬಂದವರು 30,000 ಎನ್ನುವ ಲೆಕ್ಕವೂ ಉಂಟು, 60,000 ಎನ್ನುವ ಲೆಕ್ಕವೂ ಉಂಟು. ಬದುಕಿ ಉಳಿದವರಿಗೆ ಬಿಡುಗಡೆ ದೊರೆತದ್ದು 1799ರಲ್ಲಿ, ಹದಿನೈದು ವರ್ಷಗಳ ತರುವಾಯ. ಕೊಡಗಿನವರನ್ನೂ ಇದೇ ರೀತಿಯಲ್ಲಿ ಕುಟುಂಬಸಮೇತ ಹಿಡಿದು ತಂದರು.

ಇಂಗ್ಲಿಷರೂ ಇಲ್ಲಿ ಸೆರೆಯಾಳುಗಳಾಗಿದ್ದರು. 1780ರ ಸೆಪ್ಟೆಂಬರಿನಲ್ಲಿ ಪೊಲ್ಲಿಲೂರಿನ ಯುದ್ಧದಲ್ಲಿ ಸೋತ ಕರ್ನಲ್ ಬೇಲಿ ಶ್ರೀರಂಗಪಟ್ಟಣದ ಸೆರೆಯಲ್ಲಿಯೇ 1782ರಲ್ಲಿ ತೀರಿಕೊಂಡನು. ಜೇಮ್ಸ್ ಸ್ಕರಿ ಎಂಬ ಎಳೆಯ ನಾವಿಕನು ಮತ್ತೊಬ್ಬ. ಅವನ ಹಡಗನ್ನು ಹಿಡಿದವರು ಫ್ರೆಂಚರು. ಹಿಡಿದ ಇಂಗ್ಲಿಷರನ್ನು ಹೈದರನಿಗೆ ಒಪ್ಪಿಸಿದವನು ಫ್ರೆಂಚ್ ನೌಕಾಧಿಪತಿ ಸಫ್ರೆನ್. ಕ್ರೈಸ್ತರನ್ನು ಕ್ರೈಸ್ತರೇ ಒಪ್ಪಿಸಿದ ಈ ಸಂಗತಿಯನ್ನು, ಅಂದಿನ ಕಲಹಗಳೆಲ್ಲವೂ ಮತದ ಕಲಹಗಳೆಂದು ಭಾವಿಸುವವರು ಗಮನಿಸಬೇಕು.

ಬೇಲಿಯೊಡನೆ ಸೆರೆಸಿಕ್ಕವರಲ್ಲಿ ಡೇವಿಡ್ ಬೇರ್ಡ್ ಎಂಬ ತರುಣ ಅಧಿಕಾರಿಯಿದ್ದನು. ಗಾಯಗಳಿಂದ ನರಳುತ್ತ, ಕಾಲಿಗೆ ಬೇಡಿ ಹಾಕಿಸಿಕೊಂಡು ಮೂರುವರೆ ವರ್ಷ ಕಳೆದನು. ಹದಿನೈದು ವರ್ಷಗಳ ಮೇಲೆ, 1799ನೆಯ ಮೇ 4ರಂದು, ಅದೇ ಊರಿನ ಕೋಟೆಯ ಮೇಲೆ ಬಿದ್ದ ಪಡೆಯ ನಾಯಕತ್ವವನ್ನು ಅವನು ತಾನಾಗಿಯೇ ಕೇಳಿ ಪಡೆದನು. ಕೋಟೆ ಬಿತ್ತು, ಟೀಪು ಕಾದಾಡುತ್ತ ಮಡಿದನು. ಆಮೇಲೆ ಆ ಇರುಳು ನಡೆದುದು ಯುದ್ಧವಲ್ಲ, ಕೊಳ್ಳೆ. ಮರುದಿನ ಊರಿನ ಅಧಿಕಾರವನ್ನು ವಹಿಸಿಕೊಂಡ ಆರ್ಥರ್ ವೆಲ್ಲೆಸ್ಲಿಯೇ, ಕೊಳ್ಳೆಯಾಗದೆ ಉಳಿದ ಮನೆ ಇಲ್ಲವೆನ್ನಬಹುದೆಂದು ಬರೆದಿದ್ದಾನೆ. ತನ್ನ ಸೈನಿಕರನ್ನೇ ನೇಣಿಗೆ ಹಾಕಿ, ಛಡಿಯೇಟು ಹೊಡೆಸಿ ಅವನು ಶಾಂತಿಯನ್ನು ಸ್ಥಾಪಿಸಬೇಕಾಯಿತು. ಅರಮನೆಯ ಭಂಡಾರವನ್ನಂತೂ ಸೈನ್ಯವು ಗೆಲವಿನ ಪಾಲೆಂದು ಲೆಕ್ಕಹಾಕಿ ಹಂಚಿಕೊಂಡಿತು.

ಈ ಕೊಳ್ಳೆಗೆ ಬೇರ್ಡನು ಅಪ್ಪಣೆ ಕೊಟ್ಟನೆಂದು ನಾವು ಹೇಳುತ್ತಿಲ್ಲ. ಸೆರೆಯ ಸಂಕಟವನ್ನು ಕಂಡ ನಾಯಕನು ಮುಂದೆ ನಿಂತಿದ್ದರೂ ಊರಿನ ನಿರಪರಾಧಿಗಳಿಗೆ ಅದರಿಂದ ರಕ್ಷಣೆ ದೊರೆಯಲಿಲ್ಲವೆಂಬುದಷ್ಟೇ ನಮ್ಮ ಮಾತು. ನೋವು ತಾನಾಗಿ ಏನನ್ನೂ ಕಲಿಸುವುದಿಲ್ಲ. ಅದರಿಂದ ಕರುಣೆ ಹುಟ್ಟಬಹುದು, ಹಗೆಯೂ ಹುಟ್ಟಬಹುದು. ಯಾವುದು ಹುಟ್ಟಬೇಕೆಂಬುದನ್ನು ನೆನಪಿಟ್ಟುಕೊಳ್ಳುವವರು ನಿಶ್ಚಯಿಸಬೇಕು.

ನಾವು ನೆನಪಿಟ್ಟುಕೊಳ್ಳುವ ರೀತಿ ಹೇಗಿದೆ? 1799ರ ಮುತ್ತಿಗೆಯ ನೆನಪಿಗಾಗಿ 1907ರಲ್ಲಿ ಮೈಸೂರು ಸರ್ಕಾರವು ನಿಲ್ಲಿಸಿದ ಸ್ತಂಭವೊಂದು ಶ್ರೀರಂಗಪಟ್ಟಣದಲ್ಲಿದೆ. ಅದರಲ್ಲಿ ಮಡಿದ ಆಂಗ್ಲ ಅಧಿಕಾರಿಗಳ ಹೆಸರುಗಳಿವೆ. ಅದೇ ದಿನ ಅದೇ ಊರಿನಲ್ಲಿ ಸತ್ತ ನೇಕಾರನ ಹೆಸರಿಲ್ಲ, ಕೋಟೆಯ ಕಾಲಾಳಿನ ಹೆಸರಿಲ್ಲ. ಘಟ್ಟದ ದಾರಿಯಲ್ಲಿ ಬಿದ್ದುಹೋದ ಕೊಂಕಣಿ ಮಾತಿನ ತಾಯಿಯ ಹೆಸರು ಯಾವ ಕಲ್ಲಿನಲ್ಲಿಯೂ ಇಲ್ಲ. ಗೆದ್ದವರ ಹೆಣಗಳಿಗೆ ಹೆಸರುಂಟು, ಉಳಿದವರಿಗೆ ಸಂಖ್ಯೆ ಮಾತ್ರ. ಆ ಸಂಖ್ಯೆಯೂ ವಿವಾದಕ್ಕೆ ಗುರಿ.

ಮೇಲುಕೋಟೆಯ ಕಡೆಗೆ ನೋಡೋಣ. 1771ರಲ್ಲಿ ಚಿನಕುರಳಿಯ ಯುದ್ಧದಲ್ಲಿ ಹೈದರನು ಸೋತಾಗ ಈ ಕ್ಷೇತ್ರವನ್ನು ಸೂರೆಮಾಡಿದವರು ಮರಾಠರು. 1791ರಲ್ಲಿ ಶೃಂಗೇರಿಯ ಮಠವನ್ನು ಸೂರೆಮಾಡಿದವರೂ ಮರಾಠಾ ಪಡೆಯವರೇ. ಆಗ ಮಠಕ್ಕೆ ನೆರವು ಕಳುಹಿಸಿದವನು ಟೀಪು. ಅವನು ಮಠಕ್ಕೆ ಬರೆಸಿದ ಸುಮಾರು 30 ಪತ್ರಗಳು 1916ರಲ್ಲಿ ಬೆಳಕಿಗೆ ಬಂದವು. ಇನ್ನೊಂದು ಕಡೆ, ಟೀಪುವಿನ ಕಾಲದಲ್ಲಿ ತಮ್ಮ ಹಿರಿಯರ ವಧೆಯಾಯಿತೆಂದು ಮಂಡ್ಯಂ ಅಯ್ಯಂಗಾರರ ಮನೆತನಗಳಲ್ಲಿ ನರಕಚತುರ್ದಶಿಯ ಹಬ್ಬವನ್ನು ಬಿಟ್ಟಿದ್ದಾರೆ. ಅದರ ವರ್ಷ, ಸಂಖ್ಯೆ, ಆಧಾರಗಳ ವಿಷಯದಲ್ಲಿ ವಿದ್ವಾಂಸರಲ್ಲಿ ಅಭಿಪ್ರಾಯಭೇದವುಂಟು. ಭೇದವಿದೆಯೆಂದು ಒಂದು ಮನೆಯ ದುಃಖವನ್ನು ಹಾಸ್ಯಮಾಡುವುದು ಸಲ್ಲದು. ದುಃಖವಿದೆಯೆಂದು ಆಧಾರವನ್ನು ಕೇಳದಿರುವುದೂ ಸಲ್ಲದು. ಸುಲ್ತಾನನು ಶೃಂಗೇರಿಗೆ ಕೊಟ್ಟ ದಾನದಿಂದ ಮಂಗಳೂರಿನವರ ಸೆರೆ ಅಳಿಸಿಹೋಗುವುದಿಲ್ಲ; ಆ ಸೆರೆಯನ್ನು ತೋರಿಸಿ 1799ರ ಕೊಳ್ಳೆಯನ್ನು ಸಮರ್ಥಿಸಲೂ ಆಗುವುದಿಲ್ಲ. ಅನ್ಯಾಯಗಳು ಕೂಡಿ ಕಳೆಯುವ ಲೆಕ್ಕವಲ್ಲ.

‘ಅಂದಿನ ಕಾಲವೇ ಹಾಗಿತ್ತು’ ಎಂದು ಕೆಲವರು ಹೇಳುತ್ತಾರೆ. ಕಾಲ ಹಾಗಿತ್ತೆಂಬುದು ಮಾಡಿದವನ ಮಾತು. ಅನುಭವಿಸಿದವನಿಗೆ ಯಾವ ಕಾಲದಲ್ಲಿಯೂ ಬೇಡಿ ಬೇಡಿಯೇ. ‘ಅಂದು ಅವರು ಮಾಡಿದರು, ಇಂದು ಇವರು ತೆರಲಿ’ ಎಂದು ಮತ್ತೆ ಕೆಲವರು. ವಿಚಾರಮಾಡಿ ನೋಡಿದರೆ ಇದು ಟೀಪುವಿನ ತರ್ಕವೇ ಹೌದು. ಕೆಲವರ ಮೇಲಣ ಸಂಶಯಕ್ಕೆ ಇಡೀ ಜನವನ್ನು ದಂಡಿಸಿದುದೇ 1784ರ ಅಪರಾಧ. ಅಂದು ಸತ್ತವರ ಹೆಸರಿನಲ್ಲಿ ಇಂದಿನ ನೆರೆಯವನನ್ನು ದಂಡಿಸುವವನು ಆ ಅಪರಾಧವನ್ನೇ ಮತ್ತೊಮ್ಮೆ ಮಾಡುತ್ತಾನೆ.

ಒಂದು ಜನಸಮುದಾಯವನ್ನು ಅದರ ಹುಟ್ಟಿನ ಕಾರಣಕ್ಕಾಗಿ ನಾಶಮಾಡುವ ಪಾತಕಕ್ಕೆ 1944ರವರೆಗೆ ಜಗತ್ತಿನ ನ್ಯಾಯಶಾಸ್ತ್ರದಲ್ಲಿ ಹೆಸರೇ ಇರಲಿಲ್ಲ. ನಾಟ್ಸಿಗಳಿಂದ ಲಕ್ಷಾಂತರ ಯೆಹೂದ್ಯರು ಹತರಾಗುತ್ತಿದ್ದ ಆ ದಿನಗಳಲ್ಲಿ ರಾಫೇಲ್ ಲೆಮ್ಕಿನ್ ಎಂಬ ನ್ಯಾಯವಾದಿ ಅದಕ್ಕೆ ಹೆಸರಿಟ್ಟನು. ನಾವು ಕನ್ನಡದಲ್ಲಿ ‘ಜನಾಂಗಹತ್ಯೆ’ ಎನ್ನುತ್ತೇವೆ. 1948ನೆಯ ಡಿಸೆಂಬರ್ 9ರಂದು ಸಂಯುಕ್ತ ರಾಷ್ಟ್ರಸಂಸ್ಥೆಯು ಅದನ್ನು ಅಪರಾಧವೆಂದು ಒಪ್ಪಂದದ ಮೂಲಕ ಸಾರಿತು. ಮರುದಿನವೇ ಮಾನವಹಕ್ಕುಗಳ ಘೋಷಣೆಯನ್ನು ಅಂಗೀಕರಿಸಿತು. ಆ ಘೋಷಣೆಯ ಮೊದಲ ವಿಧಿಯಲ್ಲಿ ‘ಎಲ್ಲ ಪುರುಷರು’ ಎಂದೂ ಅರ್ಥವಾಗುತ್ತಿದ್ದ ಪದವನ್ನು ತೆಗೆಸಿ, ‘ಎಲ್ಲ ಮಾನವಜೀವಿಗಳು’ ಎಂಬ ಅರ್ಥ ಬರುವಂತೆ ಮಾಡಿಸಿದವರು ನಮ್ಮ ದೇಶದ ಹಂಸಾ ಮೆಹತಾ. ಶ್ರೀರಂಗಪಟ್ಟಣದ ಸೆರೆಗೆ ಆ ಕಠೋರ ಹೆಸರು ಸಲ್ಲುವುದೋ ಇಲ್ಲವೋ, ನಾಶಮಾಡುವ ಸಂಕಲ್ಪವಿತ್ತೋ ಇಲ್ಲವೋ ಎಂಬ ವಾದ ನಡೆಯಲಿ. ವಾದ ಮುಗಿಯುವ ತನಕ ಜನರನ್ನು ಕಿತ್ತು ತಂದದ್ದು, ಮಕ್ಕಳನ್ನು ಬೇರ್ಪಡಿಸಿದ್ದು, ಬಲಾತ್ಕಾರದಿಂದ ಮತಾಂತರಿಸಿದ್ದು ಅನ್ಯಾಯವೆಂದು ಹೇಳಲು ನಾವು ಕಾಯಬೇಕಾಗಿಲ್ಲ.

ದಂಡುಗಳು ಮಾಡಿದ ಅನ್ಯಾಯಕ್ಕೆ ತಾರೀಖುಂಟು. ತಾರೀಖಿಲ್ಲದ, ಕತ್ತಿಯಿಲ್ಲದ ಅನ್ಯಾಯವೂ ಒಂದುಂಟು. ಅದೇ ಮೇಲುಕೋಟೆಯಲ್ಲಿ ರಾಮಾನುಜಾಚಾರ್ಯರು ಅಸ್ಪೃಶ್ಯರೆನಿಸಿದವರಿಗೆ ‘ತಿರುಕುಲದವರು’ ಎಂಬ ಗೌರವದ ಹೆಸರನ್ನಿಟ್ಟು, ವರ್ಷದಲ್ಲಿ ಕೆಲವು ದಿನ ದೇವಾಲಯಪ್ರವೇಶವನ್ನು ಕೊಡಿಸಿದರೆಂದು ಸಂಪ್ರದಾಯ ಹೇಳುತ್ತದೆ. ಆ ಕಾಲಕ್ಕೆ ಅದು ದೊಡ್ಡ ಔದಾರ್ಯವೇ ಸರಿ. ಆದರೆ ತರುವಾಯದ ನಾವು ಆ ಕೆಲವು ದಿನಗಳನ್ನು ನೂರಾರು ವರ್ಷ ಕೆಲವು ದಿನಗಳಾಗಿಯೇ ಉಳಿಸಿದೆವು. ಅಸ್ಪೃಶ್ಯತೆಯನ್ನು ನಿಷೇಧಿಸುವ ನಮ್ಮ ಸಂವಿಧಾನದ 17ನೆಯ ವಿಧಿಯು 1950ರಲ್ಲಿ ಜಾರಿಗೆ ಬಂತು. ಕೃಪೆಗೂ ಹಕ್ಕಿಗೂ ಇರುವ ಭೇದ ಇಲ್ಲಿ ಸ್ಪಷ್ಟವಾಗುತ್ತದೆ. ಕೃಪೆಗೆ ದಿನಗಣನೆಯುಂಟು, ಕೊಟ್ಟವನ ಮುಖವನ್ನು ನೋಡಬೇಕು; ಹಕ್ಕಿಗೆ ವರ್ಷದ ಎಲ್ಲ ದಿನವೂ ಒಂದೇ. ಶೃಂಗೇರಿಗೆ ನೆರವಿತ್ತ ಅರಸನೇ ಮಂಗಳೂರಿನವರನ್ನು ಸೆರೆಯಿಟ್ಟದ್ದು ಸಾಧ್ಯವಾದುದೂ ಇದರಿಂದಲೇ: ಇಬ್ಬರಿಗೂ ಇದ್ದುದು ಅರಸನ ಮರ್ಜಿ; ಯಾರಿಗೂ ಹಕ್ಕು ಇರಲಿಲ್ಲ.

ಇದು ಹಳೆಯ ಕಥೆಯೆಂದು ತಳ್ಳಿಹಾಕುವಂತಿಲ್ಲ. 2015ರಲ್ಲಿ ಟೀಪು ಜಯಂತಿಯ ವಿವಾದ ಮಡಿಕೇರಿಯಲ್ಲಿ ಪ್ರಾಣಹಾನಿಗೆ ಕಾರಣವಾಯಿತು. 2024ರ ಸೆಪ್ಟೆಂಬರಿನಲ್ಲಿ ನಾಗಮಂಗಲದಲ್ಲಿ ಗಣೇಶನ ಮೆರವಣಿಗೆಯ ವೇಳೆ ಗಲಭೆಯೆದ್ದು ಅಂಗಡಿಗಳಿಗೆ ಬೆಂಕಿ ಬಿತ್ತು. ಬೆಂದ ಅಂಗಡಿ ಯಾರದೆಂದು ಕೇಳಿದ ಮೇಲೆ ದುಃಖಪಡಬೇಕೋ ಬೇಡವೋ ಎಂದು ನಿಶ್ಚಯಿಸುವ ಅಭ್ಯಾಸ ವಿದ್ಯಾವಂತರಲ್ಲಿಯೂ ಬೆಳೆದಿದೆ. ಚರಿತ್ರೆಯನ್ನು ಅರ್ಧ ಓದಿದ್ದರ ಫಲ ಇದು.

ಆದುದರಿಂದ ನಮ್ಮ ಸೂಚನೆ ಸರಳವಾದುದು. ರಜೆಯ ದಿನ ಮಕ್ಕಳನ್ನು ಶ್ರೀರಂಗಪಟ್ಟಣಕ್ಕೆ ಕರೆದುಕೊಂಡು ಹೋಗುವವರು ದರಿಯಾ ದೌಲತ್ತಿನ ಚಿತ್ರಗಳನ್ನಷ್ಟೇ ತೋರಿಸಿ ಹಿಂದಿರುಗಬಾರದು. ಬೇಲಿಯ ಸೆರೆಮನೆಯನ್ನು ತೋರಿಸಿರಿ. ಟೀಪು ಬಿದ್ದ ಸ್ಥಳವನ್ನು ತೋರಿಸಿರಿ. ಗಂಜಾಮಿನಲ್ಲಿ ಆಬೆ ದುಬ್ವಾ ಹೆಸರಿನ ಇಗರ್ಜಿಯಿದೆ. 1799ರ ತರುವಾಯ ಸೆರೆಯಿಂದ ಬಿಡುಗಡೆಯಾದ ಕ್ರೈಸ್ತರನ್ನು ಮತ್ತೆ ಕೂಡಿಸಿದ ಪಾದ್ರಿ ಆತ. ಅಲ್ಲಿಗೂ ಕರೆದೊಯ್ಯಿರಿ. ಕೊನೆಗೆ ಸ್ತಂಭದ ಬಳಿ ನಿಲ್ಲಿಸಿ, ಇದರಲ್ಲಿ ಯಾರ ಹೆಸರಿಲ್ಲ ಎಂದು ಕೇಳಿರಿ. ತನ್ನ ಮನೆತನದವರಲ್ಲದ, ತನ್ನ ಮತದವರಲ್ಲದ ಒಬ್ಬನನ್ನು ಮಗು ಆ ಪಟ್ಟಿಗೆ ಸೇರಿಸಿ ಹೇಳಿತೆಂದರೆ, ಚರಿತ್ರೆಯ ಪಾಠ ಮುಟ್ಟಿತೆಂದೇ ತಿಳಿಯಬೇಕು.