ಹದಿಹರೆಯದ ಮಕ್ಕಳ ಎಲುಬು, ಎಆರ್‌ಟಿ ಔಷಧ ಮತ್ತು ಕ್ಯಾಲ್ಸಿಯಂ ಮಾತ್ರೆ

(ಮಡಂತ್ಯಾರಿನಲ್ಲಿ ಸ್ವ-ಸಹಾಯ ಸಂಘಗಳ ಸದಸ್ಯೆಯರಿಗೆ ನೀಡಿದ ಮಾಹಿತಿಯ ಬರಹ ರೂಪ)



ಒಂದು ಸಭೆ ಮುಗಿದು ಎಲ್ಲರೂ ಹೊರಟ ಮೇಲೆ ಒಬ್ಬರು ಅಜ್ಜಿ ನನ್ನ ಹತ್ತಿರ ಬಂದರು. ಅವರ ಊರು, ಸಂಘ ಯಾವುದೆಂದು ಹೇಳುವುದಿಲ್ಲ. ಮೊಮ್ಮಗಳಿಗೆ 14 ವರ್ಷ. ಹುಟ್ಟಿನಿಂದಲೇ ಎಚ್‌ಐವಿ ಸೋಂಕು ಉಂಟು, ಎಆರ್‌ಟಿ ಮಾತ್ರೆ ಒಂದು ದಿನವೂ ತಪ್ಪಿಸುವುದಿಲ್ಲ. "ಕಾಲು ನೋವು ಅಂತಾಳೆ ಮೇಡಂ. ಮೆಡಿಕಲ್‌ನಿಂದ ಕ್ಯಾಲ್ಸಿಯಂ ತಂದಿದ್ದೇನೆ. ರಾತ್ರಿ ಮಲಗುವಾಗ ಎರಡೂ ಮಾತ್ರೆ ಒಟ್ಟಿಗೆ ಕೊಡ್ತೇನೆ" ಎಂದರು. ಪ್ರೀತಿಯಿಂದ ಮಾಡಿದ್ದೇ. ಆದರೆ ಅದರಲ್ಲೊಂದು ತೊಂದರೆ ಉಂಟು. ಇವತ್ತು ಹೇಳಲಿಕ್ಕೆ ಬಂದದ್ದು ಅದನ್ನೇ.

ಎಲುಬು ನಮ್ಮ ಸಂಘದ ಉಳಿತಾಯ ಇದ್ದ ಹಾಗೆ. ಸುಮಾರು 18-20 ವರ್ಷದೊಳಗೆ ಹೆಚ್ಚಿನ ಜಮೆ ಮುಗಿಯುತ್ತದೆ. ವಯಸ್ಸಾದ ಮೇಲೆ ತೆಗೆಯುವುದೇ ಹೊರತು ಹಾಕುವುದು ಕಡಿಮೆ. ಎಚ್‌ಐವಿ ಇರುವ ಮಕ್ಕಳಲ್ಲಿ ಬೆಳವಣಿಗೆ, ಮೈನೆರೆಯುವುದು ತಡವಾಗುವುದುಂಟು. ಹಾಗಾಗಿ ಜಮೆಯೂ ಕಡಿಮೆ. ದೊಡ್ಡ ಮಕ್ಕಳಿಗೆ ಕೊಡುವ ಟೆನೊಫೊವಿರ್ ಎಂಬ ಔಷಧದಿಂದಲೂ ಮೊದಲ ಒಂದೆರಡು ವರ್ಷ ಎಲುಬಿನ ಸಾಂದ್ರತೆ ಸ್ವಲ್ಪ ಇಳಿಯುತ್ತದೆ, ಆಮೇಲೆ ನಿಲ್ಲುತ್ತದೆ. ಇದನ್ನು ಕೇಳಿ ಯಾರೂ ಎಆರ್‌ಟಿ ನಿಲ್ಲಿಸಬೇಡಿ! ಆ ಔಷಧದಿಂದಲೇ ಮಕ್ಕಳು ಶಾಲೆಗೆ ಹೋಗುತ್ತಿರುವುದು.

ಈಗ ಮಾತ್ರೆಯ ವಿಷಯ. ಇಂದಿನ ಎಆರ್‌ಟಿಯಲ್ಲಿ ಡೊಲುಟೆಗ್ರಾವಿರ್ ಎಂಬ ಔಷಧ ಉಂಟು. ಖಾಲಿ ಹೊಟ್ಟೆಯಲ್ಲಿ ಕ್ಯಾಲ್ಸಿಯಂ ಅಥವಾ ಕಬ್ಬಿಣದ ಮಾತ್ರೆ ಜೊತೆಗೆ ಹೋದರೆ ಎರಡೂ ಅಂಟಿಕೊಂಡು ಔಷಧ ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ಮಗು ಮಾತ್ರೆ ನುಂಗಿದ್ದೂ ಹೌದು, ವೈರಸ್ ಹೆಚ್ಚಾಗುವ ಅಪಾಯವೂ ಹೌದು. ಊಟದ ಜೊತೆಯಲ್ಲಾದರೆ ಎರಡನ್ನೂ ಒಟ್ಟಿಗೆ ಕೊಡಬಹುದು. ಇಲ್ಲವಾದರೆ ಎಆರ್‌ಟಿ ಮಾತ್ರೆ 2 ಗಂಟೆ ಮೊದಲು, ಅಥವಾ ಕ್ಯಾಲ್ಸಿಯಂ ಕೊಟ್ಟು 6 ಗಂಟೆ ಕಳೆದ ಮೇಲೆ. ಗ್ಯಾಸ್ಟ್ರಿಕ್‌ಗೆ ಕುಡಿಯುವ ಆಂಟಾಸಿಡ್‌ಗಂತೂ ಊಟವಾಗಿದ್ದರೂ ಈ ಅಂತರ ಬೇಕೇ ಬೇಕು. ಶಾಲೆಯಲ್ಲಿ ವಾರಕ್ಕೊಮ್ಮೆ ಕೊಡುವ ನೀಲಿ ಮಾತ್ರೆಯೂ ಕಬ್ಬಿಣದ್ದೇ. ಅದನ್ನು ಬಿಡಿಸಬೇಡಿ, ಎಆರ್‌ಟಿ ರಾತ್ರಿ ಇದ್ದರೆ ಚಿಂತೆಯೇ ಇಲ್ಲ.

ಇನ್ನು ವಿಟಮಿನ್ ಡಿ. ಅಂಗಡಿಯಲ್ಲಿ ಸಿಗುವ ಸ್ಯಾಚೆಟ್‌ನಲ್ಲಿ 60,000 ಯೂನಿಟ್ ಇರುತ್ತದೆ. ಮಕ್ಕಳಿಗೆ ದಿನಕ್ಕೆ ಬೇಕಾದದ್ದು 600 ಯೂನಿಟ್. ಲೆಕ್ಕ ಹಾಕಿ ನೋಡಿ! ವೈದ್ಯರು ಅದನ್ನು ಸಾಮಾನ್ಯವಾಗಿ ವಾರಕ್ಕೆ ಒಂದು, ಅದೂ ಕೆಲವು ವಾರ ಮಾತ್ರ ಬರೆಯುತ್ತಾರೆ. "ಶಕ್ತಿ ಬರಲಿ" ಅಂತ ದಿನಾ ಕೊಟ್ಟರೆ ರಕ್ತದಲ್ಲಿ ಕ್ಯಾಲ್ಸಿಯಂ ಏರಿ ವಾಂತಿ ಬರುತ್ತದೆ, ಕಿಡ್ನಿಗೂ ಪೆಟ್ಟು. ವೈದ್ಯರ ಚೀಟಿ ಇಲ್ಲದೆ ತರುವುದೇ ಬೇಡ.

ಅಡುಗೆಮನೆಯಲ್ಲಿ ಆಗುವುದು ತುಂಬಾ ಉಂಟು. 13ರಿಂದ 15 ವರ್ಷದವರಿಗೆ ದಿನಕ್ಕೆ ಸುಮಾರು 1000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕು. 100 ಗ್ರಾಂ ರಾಗಿಯಲ್ಲಿ 350ಕ್ಕಿಂತ ಹೆಚ್ಚು ಉಂಟು. ಹಿತ್ತಿಲ ನುಗ್ಗೆ ಸೊಪ್ಪಿನಲ್ಲಿ 300ರಷ್ಟು, ದೊಡ್ಡ ಲೋಟ ಹಾಲಿನಲ್ಲಿ 200ಕ್ಕೂ ಮೇಲೆ. ಎಳ್ಳು, ಹುರುಳಿ, ಮುಳ್ಳು ಸಮೇತ ತಿನ್ನುವ ಸಣ್ಣ ಮೀನು ಎಲ್ಲ ಒಳ್ಳೆಯದು. ನಾವು ಬೂತಾಯಿಯ ಮುಳ್ಳು ಬಿಸಾಡಿ ಕ್ಯಾಲ್ಸಿಯಂ ಮಾತ್ರೆಗೆ ಹಣ ಕೊಡುವವರು! ಬಿಸಿಲೂ ಬೇಕು. ಶಾಲೆಯಿಂದ ಬಂದ ಹುಡುಗಿಯನ್ನು ಜಗಲಿಯಲ್ಲಿ ಬೀಡಿ ಕಟ್ಟಲು ಕೂರಿಸಿದರೆ ಬಿಸಿಲೂ ಇಲ್ಲ, ಓಡಾಟವೂ ಇಲ್ಲ. ಎಲುಬು ಗಟ್ಟಿಯಾಗುವುದು ಭಾರ ಬಿದ್ದಾಗ, ಓಡಿ ಹಾರಿದಾಗ. ಆಡಲಿಕ್ಕೆ ಬಿಡಿ.

ಕಾಲು ನೋವು, ಸೊಂಟ ನೋವು ಇದ್ದರೆ ಎಆರ್‌ಟಿ ಕೇಂದ್ರದ ವೈದ್ಯರಿಗೇ ಹೇಳಬೇಕು. ನಮಗೆ ಮಂಗಳೂರಿನ ವೆನ್ಲಾಕ್ ಆಸ್ಪತ್ರೆಯಲ್ಲಿ ಕೇಂದ್ರ ಉಂಟು, ಔಷಧ ಉಚಿತ. ಹೋಗುವಾಗ ಮನೆಯಲ್ಲಿರುವ ಎಲ್ಲ ಮಾತ್ರೆಯ ಪಟ್ಟಿಯನ್ನೂ ಚೀಲದಲ್ಲಿ ಹಾಕಿಕೊಂಡು ಹೋಗಿ, ಟಾನಿಕ್, ನಾಟಿ ಮದ್ದು ಸಹ.

ಸಂಘದವರಿಗೆ ಒಂದು ಮಾತು. "ಮಗುವಿನ ಮದ್ದಿಗೆ ಸಾಲ ಬೇಕು" ಎಂದು ಯಾರಾದರೂ ಕೇಳಿದರೆ ಯಾವ ಕಾಯಿಲೆ ಎಂದು ಕೆದಕಬೇಡಿ. ಗೊತ್ತಾದರೂ ಹೇಳಿಕೊಂಡು ತಿರುಗಬೇಡಿ. 2017ರ ಎಚ್‌ಐವಿ ಕಾಯಿದೆ 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿದೆ, ಗುಟ್ಟು ಕಾಪಾಡುವುದನ್ನು ಅದು ಹಕ್ಕಾಗಿ ಕೊಟ್ಟಿದೆ. ಆ ಅಜ್ಜಿ ಎಲ್ಲರೂ ಹೋಗುವ ತನಕ ಕಾದದ್ದು ಯಾಕೆ, ಯೋಚಿಸಿ.

ಅವರು ಮುಂದಿನ ವಾರವೇ ಮೊಮ್ಮಗಳನ್ನು ಕರೆದುಕೊಂಡು ಹೋದರು. ವೈದ್ಯರು ಕ್ಯಾಲ್ಸಿಯಂ ನಿಲ್ಲಿಸಲಿಲ್ಲ, ಹೊತ್ತು ಬದಲಿಸಿದರು: ಬೆಳಿಗ್ಗೆ ತಿಂಡಿಯ ಜೊತೆ ಅದು, ರಾತ್ರಿ ಎಆರ್‌ಟಿ. ಸಂಶಯವಿದ್ದವರು 1097ಕ್ಕೆ ಫೋನ್ ಮಾಡಿ. ದುಡ್ಡು ಬೇಡ, ಹೆಸರು ಹೇಳಬೇಕೆಂದಿಲ್ಲ.